ಕೇಬಲ್ ಆಯ್ಕೆ ಸಮಿತಿಯ ಏಕೈಕ ಸದಸ್ಯೆ

ಫೆಬ್ರವರಿ 4, ಭಾನುವಾರ

ಸಕಲ ತಂತಿಗಳ ಒಡೆಯರಿಗೂ, ಟಿವಿಯ ಹಿಂಬದಿಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಧೂಳಿನ ಮಹಾಸಂಸ್ಥಾನಕ್ಕೂ, ಮನೆಯ ನಾಲ್ಕು ರಿಮೋಟುಗಳ ಪೈಕಿ ಕೆಲಸ ಮಾಡುವ ಆ ಒಂದೇ ಒಂದು ರಿಮೋಟಿಗೂ, ಈ ನೋಟ್‌ಬುಕ್ಕನ್ನು ಕದ್ದು ಓದಲಿರುವ ನನ್ನ ಅಣ್ಣನಿಗೂ ಸಾಷ್ಟಾಂಗ ವಂದನೆಗಳೊಂದಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ: ಇಂದು ಸಂಜೆ ಐದು ಗಂಟೆಗೆ ನಡುಮನೆಯಲ್ಲಿ ಸೇರಿದ ಕುಟುಂಬ ಮಹಾಸಭೆಯಲ್ಲಿ ನನ್ನನ್ನು, ಅಂದರೆ ಮನೆಯ ಕಿರಿಯ ಮಗಳೂ ಝೆರಾಕ್ಸ್ ಅಂಗಡಿಯ ಟೈಪಿಸ್ಟಳೂ ಅಮ್ಮನ ಬಾಯಲ್ಲಿ ‘ಉಪದ್ರವ’ ಎಂದೇ ಖ್ಯಾತಳೂ ಆದ ಇಪ್ಪತ್ತು ವರ್ಷದ ಈ ವ್ಯಕ್ತಿಯನ್ನು, ಕೇಬಲ್ ಆಯ್ಕೆ ಸಮಿತಿಯ ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಏಕೈಕ ಸದಸ್ಯೆಯನ್ನಾಗಿ ಅವಿರೋಧವಾಗಿ ನೇಮಿಸಲಾಗಿದೆ.

(ದಿನವಿಡೀ ಊರವರ ಅರ್ಜಿ, ಅಫಿಡವಿಟ್ ಟೈಪ್ ಮಾಡಿ ಮಾಡಿ ಕೈಗೆ ಈ ಭಾಷೆ ಅಂಟಿಬಿಟ್ಟಿದೆ. ನಿನ್ನೆ ಅಮ್ಮನ ಹತ್ತಿರ ಇನ್ನೊಂದು ಲೋಟ ಕಾಫಿಯನ್ನೂ ‘ದಯಮಾಡಿ ಮಂಜೂರು ಮಾಡಬೇಕಾಗಿ’ ಎಂದೇ ಕೇಳಿದೆ. ಮಂಜೂರಾಗಲಿಲ್ಲ.)

ಹಿನ್ನೆಲೆ ಇಷ್ಟು. ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿರುವ ಅಣ್ಣ ಹೋದ ತಿಂಗಳು, ಮನೆ ಖಾಲಿ ಮಾಡುತ್ತಿದ್ದ ಯಾರೋ ಗಿರಾಕಿಯಿಂದ ಒಂದು ಹೋಂ ಥಿಯೇಟರ್ ಹೊತ್ತು ತಂದ. ಐದು ಸ್ಪೀಕರು, ಟ್ರಂಕಿನಷ್ಟು ಭಾರದ ಒಂದು ಕರಿ ಪೆಟ್ಟಿಗೆ, ಪೆಟ್ಟಿಗೆಯಿಂದ ಟಿವಿಗೆ ಹೋಗುವ ಒಂದು ಹಳೇ ಕೇಬಲ್ಲು. ಸದ್ದು ಎಷ್ಟು ಜೋರೆಂದರೆ ಸಿನಿಮಾದಲ್ಲಿ ಬಾಗಿಲು ಬಡಿದರೆ ಅಮ್ಮ ಎದ್ದುಹೋಗಿ ನಮ್ಮ ಬಾಗಿಲು ತೆರೆಯುತ್ತಾಳೆ. ಚಿತ್ರ ಮಾತ್ರ ಮಂಜು ಮಂಜು ಎಂದು ಅಪ್ಪನ ದೂರು. ಅಪ್ಪ ಮೂವತ್ತು ವರ್ಷದಿಂದ ಫ್ಯಾಕ್ಟರಿ ಕೆಲಸಗಾರರ ಬಸ್ಸಿನ ಡ್ರೈವರು. ಏನೇ ಕೆಟ್ಟರೂ ಮೊದಲು ವೈರ್ ನೋಡಬೇಕು ಎಂಬುದು ಅವನ ಸಿದ್ಧಾಂತ. ಹಾಗಾಗಿ ಕೇಬಲ್ ಬದಲಾಯಿಸತಕ್ಕದ್ದು ಎಂಬ ಠರಾವನ್ನು ಅವನೇ ಮಂಡಿಸಿದ. ಚಿತ್ರ ಸರಿಯಾಗೇ ಇದೆಯಲ್ಲ ಎಂದು ಅಣ್ಣ ತಕರಾರು ತೆಗೆದ. ಟೈಲ್ಸ್ ನೋಡಿ ನೋಡಿ ನಿನಗೆ ಎಲ್ಲವೂ ಹೊಳೆಯೋ ಹಾಗೇ ಕಾಣುತ್ತೆ ಎಂದು ಅಪ್ಪ ಅವನ ಬಾಯಿ ಮುಚ್ಚಿಸಿದ. ಲಾಂಡ್ರಿಯಲ್ಲಿ ಇಡೀ ವಾರ ನಿಂತು ಇಸ್ತ್ರಿ ಹಾಕುವ ಅಮ್ಮ, ಏನಾದರೂ ತನ್ನಿ, ದುಬಾರಿಯದ್ದು ಮಾತ್ರ ಬೇಡ, ಎಂದು ಕಾಲು ಚಾಚಿದಳು.

ಸಮಿತಿಯ ಧ್ಯೇಯ: ಅಗ್ಗವಾಗಿರಬೇಕು, ಮಂಜು ಹೋಗಬೇಕು.

ಫೆಬ್ರವರಿ 6, ಮಂಗಳವಾರ

ಸಮಿತಿಯು ಬಸ್‌ಸ್ಟ್ಯಾಂಡ್ ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಅಧಿಕೃತ ಭೇಟಿ ನೀಡಿತು. ಅಂಗಡಿಯವರಿಗೆ ‘ಕೇಬಲ್ ಪಂಡಿತರು’ ಎಂಬ ಬಿರುದನ್ನು ಅಲ್ಲೇ ದಯಪಾಲಿಸಿದೆ, ಮನಸ್ಸಿನಲ್ಲಿ. ಅವರು ಗಾಜಿನ ಕಪಾಟಿನಿಂದ ಒಂದು ಡಬ್ಬಿ ತೆಗೆದು, ಹೆಣ್ಣಿನ ಕಡೆಯವರಿಗೆ ಒಡವೆ ತೋರಿಸುವ ಹಾಗೆ ಮುಚ್ಚಳ ತೆರೆದರು. ಒಳಗೆ ಹೆಣೆದ ಹೊದಿಕೆಯ ಒಂದು ಕೇಬಲ್, ಎರಡೂ ತುದಿಗೆ ಚಿನ್ನದ ಲೇಪ.

“ಇದು ಹಾಕಿ ನೋಡಿ ಮೇಡಂ, ಕೆಂಪು ಅಂದ್ರೆ ಕೆಂಪು, ಹಸಿರು ಅಂದ್ರೆ ಹಸಿರು,” ಎಂದರು.

ಈಗಲೂ ನಮ್ಮ ಮನೆಯಲ್ಲಿ ಹಸಿರು ಹಸಿರಾಗೇ ಬರುತ್ತಿದೆ ಎಂದೆ. ಅವರಿಗೆ ನನ್ನ ಮೇಲೆ ಕನಿಕರ ಹುಟ್ಟಿದ್ದು ಕಾಣಿಸಿತು. ಆ ಬೆಲೆಗೆ ಮನೆಮಂದಿಗೆಲ್ಲ ಚಪ್ಪಲಿ ಬರುತ್ತದೆ. ಮೂಲೆಯ ತೊಟ್ಟಿಯಲ್ಲಿ ಒಂದರೊಳಗೊಂದು ಸಿಕ್ಕಿಹಾಕಿಕೊಂಡು ಬಿದ್ದಿದ್ದ ಕೇಬಲ್‌ಗಳಲ್ಲಿ ಅತ್ಯಂತ ಬಡಪಾಯಿಯನ್ನು ಬಿಡಿಸಿ ತಂದೆ.

ಗಿಡ್ಡವಾಯಿತು. ಅಮ್ಮನ ಟೇಪಿನಲ್ಲಿ ನಾನೇ ಅಳೆದಿದ್ದೆ, ಕರಿ ಪೆಟ್ಟಿಗೆ ಕೂತಿರುವ ಕಪಾಟಿನಿಂದ ಟಿವಿಯವರೆಗೆ ನೇರವಾಗಿ, ಕಾಗೆ ಹಾರುವ ದಾರಿಯಲ್ಲಿ. ಕೇಬಲ್ ಕಾಗೆಯಲ್ಲ. ಅದು ಗೋಡೆ ಹಿಡಿದು, ಬಾಗಿಲ ಚೌಕಟ್ಟು ಸುತ್ತಿ, ಮರ್ಯಾದಸ್ಥರಂತೆ ಹೋಗಬೇಕು ಎಂಬುದು ಸಮಿತಿಗೆ ಹೊಳೆದಿರಲಿಲ್ಲ. ಕೊನೆಗೆ ನೇರವಾಗಿಯೇ ಸಿಕ್ಕಿಸಿದೆವು. ನಡುಮನೆಯ ಮಧ್ಯೆ ಎದೆಯೆತ್ತರಕ್ಕೆ ತಂತಿ. ಅಮ್ಮ ತನ್ನ ಒದ್ದೆ ಕರ್ಚೀಫನ್ನು ತಂದು ಅದರ ಮೇಲೆ ಒಣಹಾಕಿದಳು.

ಅಪ್ಪ ತಂತಿಯ ಕೆಳಗೆ ಬಗ್ಗಿಹೋಗಿ ಕುರ್ಚಿಯಲ್ಲಿ ಕೂತು ನೋಡಿದ. ಮಂಜು ಹಾಗೇ ಇದೆ ಎಂದ.

ಫೆಬ್ರವರಿ 9, ಶುಕ್ರವಾರ

ಸಮಿತಿಯು ಆಳವಾದ ಅಧ್ಯಯನ ಕೈಗೊಂಡಿದೆ. ಅಂದರೆ ಝೆರಾಕ್ಸ್ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನು ಉಜ್ಜುತ್ತಾ ಕೂತಿದ್ದೆ. ಸಾರಾಂಶ: ಈ ಜಾತಿಯ ಕೇಬಲ್‌ನಲ್ಲಿ ಚಿತ್ರ ಹೋಗುವುದು ಅಂಕಿಗಳ ರೂಪದಲ್ಲಿ, ಡಿಜಿಟಲ್ ಅಂತೆ. ತಲುಪಿದರೆ ಪೂರ್ತಿ ತಲುಪಿತು. ಕೇಬಲ್ ಕೆಟ್ಟಿದ್ದರೆ ಪರದೆಯ ಮೇಲೆ ಚುಕ್ಕಿ ಮಿಣುಕುತ್ತದೆ, ಚಿತ್ರ ಮಾಯವಾಗಿ ಮತ್ತೆ ಬರುತ್ತದೆ. ಚಿನ್ನ ಬಳಿದರೆ ಬಣ್ಣ ಏರುವುದಿಲ್ಲ, ತುದಿ ಬೇಗ ಕಿಲುಬು ಹಿಡಿಯುವುದಿಲ್ಲ, ಅಷ್ಟೇ. ನಮ್ಮ ಮೂರು ಮೀಟರಿಗೆ ಸರಿಯಾದ ಗುರುತು ಅಂಟಿಸಿದ ಸಾಧಾರಣ ಕೇಬಲ್ ಧಾರಾಳವಾಗಿ ಸಾಕು.

ಮಂಜಿನ ಬಗ್ಗೆ ಮಾತ್ರ ಎಲ್ಲೂ ಒಂದಕ್ಷರ ಇಲ್ಲ. ಕೇಬಲ್‌ನಿಂದ ಮಂಜು ಬರುತ್ತದೆ ಎಂದು ಯಾವನೂ ಬರೆದಿಲ್ಲ. ಇನ್ನೂ ಹುಡುಕಬೇಕು.

ಗಿಡ್ಡದ್ದನ್ನು ಹಿಂದಿರುಗಿಸಿ ಮೂರು ಮೀಟರಿನ ಸಾಧಾರಣವನ್ನು ತಂದೆ. ಪಂಡಿತರು ಹಟ ಬಿಡದೆ ಚಿನ್ನದ್ದನ್ನೂ ಕೈಗಿತ್ತರು. ಹಾಕಿ ನೋಡಮ್ಮ, ಡಬ್ಬಿ ಹರಿಯದಿದ್ದರೆ ವಾಪಸ್ ತಗೋತೀನಿ, ಎಂದರು. ನಾಲ್ಕು ದಿನದಲ್ಲಿ ಮೇಡಂ ಹೋಗಿ ಅಮ್ಮ ಆಗಿದ್ದೇನೆ.

ಮನೆಗೆ ಬಂದರೆ ಅಪ್ಪ ಹಳೇ ಪೇಪರನ್ನು ಒದ್ದೆ ಮಾಡಿಕೊಂಡು ಟಿವಿಯ ಗಾಜು ಒರೆಸುತ್ತಿದ್ದ. ಬಸ್ಸಿನ ಮುಂದಿನ ಗಾಜನ್ನೂ ದಿನಾ ಹೀಗೇ ಒರೆಸುತ್ತಾನೆ. ಮೇಲಿಂದ ಕೆಳಗೆ, ಒಂದು ಗೆರೆಯೂ ಉಳಿಯದ ಹಾಗೆ. ನಾನೊಂದು ತುಂಡು ಪೇಪರ್ ತೆಗೆದುಕೊಂಡು ಕೆಳಗಿನ ಅರ್ಧ ಒರೆಸಿದೆ. ಇದು ಸಮಿತಿಯ ಕಾರ್ಯವ್ಯಾಪ್ತಿಗೆ ಬರುವುದಿಲ್ಲ. ಸುಮ್ಮನೆ ದಾಖಲಿಸಿದ್ದೇನೆ.

ಫೆಬ್ರವರಿ 11, ಭಾನುವಾರ

ಇತಿಹಾಸದಲ್ಲಿ ಮೊದಲ ಬಾರಿಗೆ ನಮ್ಮ ನಡುಮನೆಯಲ್ಲಿ ಮಹಾಪರೀಕ್ಷೆ! ಟಿವಿಯ ಪಕ್ಕಕ್ಕೆ ಅಮ್ಮನ ದೊಡ್ಡ ಬೆಡ್‌ಶೀಟ್ ಕಟ್ಟಿದೆ. ಮೂರು ಸುತ್ತು: ಹಳೇ ಕೇಬಲ್, ಸಾಧಾರಣ, ಚಿನ್ನ. ಯಾವ ಸುತ್ತಿನಲ್ಲಿ ಯಾವುದೆಂದು ಬೆಡ್‌ಶೀಟಿನ ಹಿಂದಿರುವ ಸಮಿತಿಗೆ ಮಾತ್ರ ಗೊತ್ತು. ತೀರ್ಪುಗಾರರು ಮೂವರು. ಸೀರಿಯಲ್ಲಿನ ಒಂದೇ ತುಣುಕನ್ನು ಮೂರು ಸಲ ಹಾಕುವುದೆಂದು ತೀರ್ಮಾನ.

ನಾನು ಒಂದು ಸಲವೂ ಏನನ್ನೂ ಬದಲಾಯಿಸಲಿಲ್ಲ.

ಸುಮ್ಮನೆ ಹಿಂದೆ ಕೂತು ಪ್ಲಾಸ್ಟಿಕ್ ಕವರು ಸರಬರ ಮಾಡಿದೆ, ಒಂದೆರಡು ಸಲ ‘ಅಬ್ಬಾ ಬಿಗಿ ಇದೆ’ ಎಂದು ನರಳಿದೆ, ಹೊರಗೆ ಬಂದೆ. ಮೂರೂ ಸುತ್ತಿನಲ್ಲಿ ಇದ್ದದ್ದು ಹಳೇ ಕೇಬಲ್ಲೇ. ಅಣ್ಣ ಮೂರನೆಯದಕ್ಕೆ ಮನಸೋತ. ಏನ್ ಫಿನಿಶಿಂಗು, ಇಟಾಲಿಯನ್ ಮಾರ್ಬಲ್ ಇದ್ದ ಹಾಗಿದೆ, ಇದೇ ಚಿನ್ನದ್ದು, ಕಣ್ಣು ಮುಚ್ಚಿ ಹೇಳ್ತೀನಿ ಎಂದ. ಕಣ್ಣು ಮುಚ್ಚಿಯೇ ಹೇಳಿರಬೇಕು. ಅಮ್ಮ, ಮೂರರಲ್ಲೂ ಆ ಹೆಂಗಸು ಅಳುತ್ತಲೇ ಇದ್ದಾಳೆ, ಯಾವ ವೈರ್ ಹಾಕಿದರೆ ನಿಲ್ಲಿಸುತ್ತಾಳೆ ಹೇಳು, ಎಂದಳು.

ಅಪ್ಪ ಮಾತ್ರ ಪರೀಕ್ಷೆಯನ್ನು ಪರೀಕ್ಷೆಯಂತೆ ತೆಗೆದುಕೊಂಡ. ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಕೈಯೂರಿ ನೋಡಿದ. ಮೂರೂ ಸಲ ಮಂಜು ಎಂದ. ದೀಪದ ಸುತ್ತ ಬಳೆ ಕಾಣುತ್ತದೆ, ಗಾಜಿನ ಮೇಲೆ ಯಾರೋ ಉಸಿರು ಬಿಟ್ಟ ಹಾಗಿದೆ, ಎಂದ. ಹತ್ತಿರ ಬಾ ಎಂದೆ. ಕುರ್ಚಿ ಎಳೆದುಕೊಂಡು ಟಿವಿಗೆ ಒಂದು ಮೊಳದ ದೂರದಲ್ಲಿ ಕೂತ. ಅಲ್ಲೂ ಬಳೆ ಇತ್ತು.

ಆಮೇಲೆ ನಾನು ಗಂಟಲು ಸರಿಪಡಿಸಿಕೊಂಡು ಫಲಿತಾಂಶ ಓದಿದೆ. ಅಣ್ಣ ಚಪ್ಪಲಿ ಹುಡುಕಿದ. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಪ್ಪನೂ ನಕ್ಕ, ನಗುತ್ತಲೇ ಕೇಳಿದ:

“ಹಾಗಾದ್ರೆ ಮಂಜು ಇರೋದು ಈ ಹಳೇ ವೈರಲ್ಲೇ ಅನ್ನು.”

“ಅಣ್ಣಂಗೆ ಇದೇ ವೈರಲ್ಲಿ ಮಾರ್ಬಲ್ ಕಾಣ್ತಲ್ಲಪ್ಪ,” ಎಂದೆ.

ಅವನ ನಗು ಅರ್ಧ ದಾರಿಯಲ್ಲಿ ಆಫ್ ಆಯಿತು. ಬೆಡ್‌ಶೀಟ್ ಮಡಚಲು ನಾನು ತುಂಬಾ ಹೊತ್ತು ತೆಗೆದುಕೊಂಡೆ.

ಫೆಬ್ರವರಿ 12, ಸೋಮವಾರ

ಬರೆಯುವಂಥದ್ದೇನಿಲ್ಲ. ಸಾಧಾರಣ ಕೇಬಲ್ ಹಾಕಿದೆ. ಅಪ್ಪ ಟಿವಿ ಹಾಕಬೇಡ, ತಲೆನೋವು ಎಂದ.

ಫೆಬ್ರವರಿ 14, ಬುಧವಾರ

ಸಮಿತಿಯ ಕಾರ್ಯವ್ಯಾಪ್ತಿ ವಿಸ್ತರಿಸಲಾಗಿದೆ. ಬೆಳಿಗ್ಗೆ ಆರೂವರೆಗೆ ಅಪ್ಪನ ಬಸ್ಸಿನ ತಪಾಸಣೆ. ಝೆರಾಕ್ಸ್ ಮೆಷಿನ್ ಕೆಟ್ಟಿದೆ, ರಜೆ, ಸುಮ್ಮನೆ ಬರ್ತೀನಿ ಎಂದು ಅಪ್ಪನಿಗೆ ಹೇಳಿದೆ. ಮೆಷಿನ್ ಕೆಟ್ಟಿಲ್ಲ. ಅಪ್ಪ ಡಿಪೋದಲ್ಲಿ ರಿಜಿಸ್ಟರಿಗೆ ಸಹಿ ಹಾಕಿ ಬರುವುದರೊಳಗೆ ಬಕೆಟ್ಟು, ಪೇಪರು ಹಿಡಿದು ಮುಂದಿನ ಗಾಜನ್ನು ನಾನೇ ತೊಳೆದೆ. ಹೊರಗೂ, ಒಳಗೂ.

ಎಂಜಿನ್ ಪಕ್ಕದ ಒಂಟಿ ಸೀಟಿನಲ್ಲಿ ಕೂತೆ. ಹಿಂದೆ ನಲವತ್ತು ಜನ, ಅರ್ಧ ಜನ ನಿದ್ದೆಯಲ್ಲಿ. ಊರು ದಾಟಿದ ಮೇಲೆ ದಾರಿ ಪೂರ್ವಕ್ಕೆ ತಿರುಗುತ್ತದೆ. ಬೆಳಿಗ್ಗೆ ಪೂರ್ವಕ್ಕೆ ಹೋಗುವುದು, ಸಂಜೆ ಪಶ್ಚಿಮಕ್ಕೆ ಬರುವುದು. ಮೂವತ್ತು ವರ್ಷ ಸೂರ್ಯ ಅಪ್ಪನ ಎದುರಿಗೇ ಇದ್ದಾನೆ ಎಂಬುದು ನನಗೆ ಈವತ್ತಿನವರೆಗೆ ಹೊಳೆದಿರಲಿಲ್ಲ. ಬಿಸಿಲು ನೇರ ಗಾಜಿಗೆ ಬಿತ್ತು. ಅಪ್ಪ ಕಣ್ಣು ಕಿರಿದು ಮಾಡಿ, ಸ್ಟೀರಿಂಗಿನ ಮೇಲೆ ಬಾಗಿದ. ಟಿವಿಯ ಮುಂದೆ ಬಾಗಿದ ಹಾಗೆಯೇ.

ಸೈಕಲ್ ಎಡಗಡೆಯಿಂದ ಬಂತು. ನಾನು ಅಪ್ಪಾ ಎಂದು ಕಿರುಚಿದೆ. ಬಸ್ಸು ನಿಂತಿತು. ಹಿಂದಿನವರ ಊಟದ ಡಬ್ಬಿಗಳು ಮುಂದಕ್ಕೆ ಉರುಳಿ ಬಂದವು. ಸೈಕಲ್ಲಿನ ಹುಡುಗಿ ನಮ್ಮತ್ತ ಒಮ್ಮೆ ನೋಡಿ ಹೋದಳು. ಏನೂ ಆಗಲಿಲ್ಲ. ಏನಣ್ಣ, ಮಗಳು ಬಂದಿದ್ದಾಳೆ ಅಂತ ಸ್ಟೈಲ್ ತೋರಿಸ್ತಿದ್ದೀಯಾ ಎಂದು ಹಿಂದಿನಿಂದ ಯಾರೋ ಹೆಂಗಸು ರೇಗಿಸಿದಳು. ಎಲ್ಲರೂ ನಕ್ಕರು.

ಗಾಜು ತೊಳೆದಿಲ್ಲ ಇವತ್ತು, ಎಂದ ಅಪ್ಪ.

ಉಳಿದ ದಾರಿಯುದ್ದಕ್ಕೂ ನಾನು ಕ್ರಿಕೆಟ್ ಕಾಮೆಂಟರಿಯವರ ದನಿಯಲ್ಲಿ ವೀಕ್ಷಕ ವಿವರಣೆ ಕೊಟ್ಟೆ. ಎಡಗಡೆಯಿಂದ ಒಂದು ನಾಯಿ, ಬ್ಯಾಟಿಂಗ್‌ಗೆ ಬರುತ್ತಿದೆ. ಎದುರಿನಿಂದ ಒಂದು ಲಾರಿ, ಒಳ್ಳೇ ಫಾರ್ಮಿನಲ್ಲಿದೆ. ಹಿಂದಿನವರಿಗೆ ಭಾರೀ ಮನರಂಜನೆ. ಅಪ್ಪ ನಡೆದುಹೋಗುವವರಷ್ಟು ನಿಧಾನಕ್ಕೆ ಓಡಿಸಿದ.

ಫ್ಯಾಕ್ಟರಿ ಅಂಗಳದಲ್ಲಿ ಎಲ್ಲರೂ ಇಳಿದು ಹೋದ ಮೇಲೆ ಹೇಳಿದೆ:

“ಗಾಜು ನಾನೇ ತೊಳ್ದಿದ್ದು ಅಪ್ಪ.”

“ಒಳಗಡೆ ತೊಳ್ದಿರಲ್ಲ.”

“ಒಳಗೂ ತೊಳ್ದೆ.”

ಅವನು ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ವೈಪರ್ ರಬ್ಬರಿರಬೇಕು ಎಂದ. ಆಮೇಲೆ ಸ್ಟೀರಿಂಗಿನ ಕಡೆ ನೋಡುತ್ತಾ ಹೇಳಿದ:

“ಗೊತ್ತಾದ್ರೆ ಗಾಡಿಯಿಂದ ಇಳಿಸ್ತಾರೆ ಕಣೇ. ಇದು ಬಿಟ್ರೆ ನನಗೆ ಇನ್ನೇನ್ ಬರುತ್ತೆ?”

“ಮನೇಲಿ ಕೂತು ಟಿವಿ ನೋಡೋಕೆ ಬರುತ್ತೆ.”

“ಅದೂ ಬರ್ತಿಲ್ವಲ್ಲ,” ಎಂದ.

ನನ್ನ ಜೋಕಿಗೆ ಅವನ ಜೋಕು ಮೇಲಾಯಿತು. ಸಂಜೆಯ ಟ್ರಿಪ್ಪಿಗೆ ತಲೆ ಸುತ್ತುತ್ತಿದೆ ಎಂದು ಸೂಪರ್‌ವೈಸರಿಗೆ ಹೇಳಿ, ಬೇರೆ ಡ್ರೈವರಿಗೆ ಕೀ ಕೊಟ್ಟ. ನಾವಿಬ್ಬರೂ ಹಿಂದಿನ ಸೀಟಿನಲ್ಲಿ ಕೂತು ಬಂದೆವು. ನಾಳೆ ಬೆಳಿಗ್ಗೆ ಸರಿಹೋಗುತ್ತೆ ಎಂದು ದಾರಿಯಲ್ಲಿ ಎರಡು ಸಲ ಹೇಳಿದ.

ಫೆಬ್ರವರಿ 15, ಗುರುವಾರ

ಅಪರಾಧದ ವರದಿ. ಈ ದಿನ ಬೆಳಿಗ್ಗೆ ಐದೂಮುಕ್ಕಾಲರ ಸುಮಾರಿಗೆ ಆರೋಪಿಯು (ನಾನು) ಅಪ್ಪನ ಮೂರೂ ಯೂನಿಫಾರಂ ಅಂಗಿಗಳನ್ನು, ಅಮ್ಮ ಇಸ್ತ್ರಿ ಹಾಕಿ ಹ್ಯಾಂಗರಿಗೆ ತೂಗುಹಾಕಿದ್ದಂಥವನ್ನು, ಬಚ್ಚಲಿನ ಬಕೆಟ್ಟಿನಲ್ಲಿ ಮುಳುಗಿಸಿರುತ್ತಾಳೆ. ಯೂನಿಫಾರಂ ಇಲ್ಲದೆ ಬಸ್ಸು ಹತ್ತುವಂತಿಲ್ಲ ಎಂಬುದು ಕಂಪನಿಯ ನಿಯಮ. ಮೂವತ್ತು ವರ್ಷದಲ್ಲಿ ಅಪ್ಪ ಅದನ್ನು ಒಂದು ದಿನವೂ ಮುರಿದಿಲ್ಲ.

ಮೊದಲು ಬಂದವಳು ಅಮ್ಮ. ಬಕೆಟ್ ನೋಡಿದಳು, ನನ್ನ ಮುಖ ನೋಡಿದಳು. ಬೈಗುಳಕ್ಕೆ ತಲೆ ಬಗ್ಗಿಸಿದೆ. ಅವಳು ಸೋಪಿನ ಪುಡಿಯ ಡಬ್ಬಿ ತೆಗೆದು ಎರಡು ಚಮಚ ಸುರಿದು, ಅಂಗಿಗಳನ್ನು ಇನ್ನೂ ಒಳಕ್ಕೆ ಒತ್ತಿ ಹೋದಳು.

ಅಪ್ಪ ಬನಿಯನ್ನಿನಲ್ಲಿ ಬಚ್ಚಲ ಬಾಗಿಲಿಗೆ ಬಂದು ನಿಂತ.

“ತಮಾಷೆಗೂ ಒಂದು ಮಿತಿ ಬೇಡ್ವೇನೇ?”

“ತಮಾಷೆ ಅಲ್ಲಪ್ಪ.”

ಹುಟ್ಟಿದಾಗಿನಿಂದ ನಾನು ಈ ವಾಕ್ಯವನ್ನು ಯಾರಿಗೂ ಹೇಳಿದ್ದಿಲ್ಲ. ಬಾಯಿಗೆ ಒಗ್ಗಲಿಲ್ಲ, ಯಾರೋ ಬೇರೆಯವರು ಹೇಳಿದ ಹಾಗೆ ಕೇಳಿಸಿತು. ಅಪ್ಪ ಕೂಗಾಡುತ್ತಾನೆ ಎಂದುಕೊಂಡೆ. ಅವನು ಬಚ್ಚಲ ಮೆಟ್ಟಿಲ ಮೇಲೆ ಕೂತ.

“ಆ ಹುಡುಗಿಗೆ ಎಷ್ಟು ವಯಸ್ಸಿರಬಹುದು?”

“ಗೊತ್ತಿಲ್ಲ. ಬೆನ್ನ ಮೇಲೆ ಬ್ಯಾಗಿತ್ತು.”

“ನನಗೆ ಸೈಕಲ್ಲೂ ಕಾಣಲಿಲ್ಲ, ಹುಡುಗೀನೂ ಕಾಣಲಿಲ್ಲ,” ಎಂದ. “ನೀನು ಕೂಗ್ದೆ, ನಾನು ನಿಲ್ಸಿದೆ. ಅಷ್ಟೇ ಆಗಿದ್ದು.”

ಆಮೇಲೆ ಎದ್ದುಹೋಗಿ ಡಿಪೋಗೆ ಫೋನ್ ಮಾಡಿದ. ಈ ಸಲ ತಲೆಸುತ್ತು ಎನ್ನಲಿಲ್ಲ. ಕಣ್ಣು ಸರಿಯಿಲ್ಲ ಸಾರ್, ತೋರಿಸ್ಕೊಂಡು ಬರ್ತೀನಿ, ಅಲ್ಲೀವರೆಗೆ ನನ್ನ ಗಾಡಿಗೆ ಬೇರೆಯವರನ್ನ ಹಾಕಿ, ಎಂದ. ಬನಿಯನ್ನಿನಲ್ಲೇ ಇದ್ದರೂ ನೆಟ್ಟಗೆ ನಿಂತು ಹೇಳಿದ.

ಫೆಬ್ರವರಿ 17, ಶನಿವಾರ

ಕಣ್ಣಾಸ್ಪತ್ರೆ. ಎದುರಿನ ಗೋಡೆಯ ಮೇಲೆ ಅಕ್ಷರದ ಬೋರ್ಡು. ಮೇಲಿನ ಎರಡು ಸಾಲಿಗೇ ಅಪ್ಪನ ಗಾಡಿ ನಿಂತಿತು. ಆ ಬೋರ್ಡನ್ನು ಸ್ವಲ್ಪ ಒರೆಸಿಸಿದರೆ ಒಳ್ಳೇದಿತ್ತು ಎಂದು ಡಾಕ್ಟರಮ್ಮನಿಗೇ ಸಲಹೆ ಕೊಟ್ಟ. ಅವರು ನಗಲಿಲ್ಲ, ನನಗೂ ನಗು ಬರಲಿಲ್ಲ. ಹೊಸ ಅನುಭವ.

ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನದು ಚೆನ್ನಾಗಿ ಬಲಿತಿದೆ. ಆಪರೇಷನ್ ಮಾಡಿದರೆ ಕಾಣುತ್ತದೆ, ದೊಡ್ಡ ವಿಷಯವಲ್ಲ. ಮೊದಲು ಒಂದು ಕಣ್ಣು, ಅದಾದ ಒಂದು ತಿಂಗಳಿಗೆ ಇನ್ನೊಂದು. ಅಲ್ಲಿಯವರೆಗೆ ಸ್ಟೀರಿಂಗ್ ಮುಟ್ಟುವಂತಿಲ್ಲ. ಆಮೇಲೂ ಕಂಪನಿಯ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಬಸ್ಸು.

ಎಷ್ಟು ದಿನದಿಂದ ಹೀಗಿದೆ ಎಂದು ಡಾಕ್ಟರಮ್ಮ ಕೇಳಿದರು. ಅಪ್ಪ ನನ್ನ ಕಡೆ ತಿರುಗಿದ. ನಾನು ಫ್ಯಾನ್ ನೋಡಿದೆ. ಮೂರು ರೆಕ್ಕೆ.

ಫೆಬ್ರವರಿ 20, ಮಂಗಳವಾರ

ಚಿನ್ನದ ಕೇಬಲ್ ವಾಪಸ್. ಡಬ್ಬಿ ಹರಿದಿರಲಿಲ್ಲ. ವ್ಯತ್ಯಾಸ ಗೊತ್ತಾಯ್ತಾ ಎಂದು ಪಂಡಿತರು ಕೇಳಿದರು. ಗೊತ್ತಾಯಿತು ಎಂದೆ. ಹಾಗಾದರೆ ಇಟ್ಟುಕೊಳ್ಳಮ್ಮ ಎಂದರು. ಬೇಡ ಎಂದೆ. ಅವರು ಇನ್ನೂ ಯೋಚಿಸುತ್ತಿರಬಹುದು.

ಅಪ್ಪನನ್ನು ಈಗ ಡಿಪೋ ಶೆಡ್ಡಿನಲ್ಲಿ ಕೂರಿಸಿದ್ದಾರೆ, ಬಸ್ಸು ಹೋಗುವ ಬರುವ ಹೊತ್ತು ನೋಡಿಕೊಳ್ಳಲು. ತನ್ನ ಬಸ್ಸನ್ನು ಸದ್ದಿನಲ್ಲೇ ಗುರುತು ಹಿಡಿಯುತ್ತಾನಂತೆ. ಹೊಸ ಡ್ರೈವರು ಎರಡನೇ ಗೇರಿನಲ್ಲಿ ಬಹಳ ಹೊತ್ತು ಎಳೆಯುತ್ತಾನೆ ಎಂದು ಊಟದ ಹೊತ್ತಿಗೆ ಬೈದ.

ಸಂಜೆ ಟಿವಿಯ ಮುಂದೆ ಅವನ ಕುರ್ಚಿಯ ಕೈ ಮೇಲೆ ನಾನು ಕೂರುತ್ತೇನೆ. ಪರದೆಯ ಮೇಲೆ ಬರುವ ಬರಹವನ್ನೆಲ್ಲ ಓದಿ ಹೇಳುತ್ತೇನೆ, ಇದ್ದದ್ದನ್ನು ಇದ್ದ ಹಾಗೆ. ಏನೂ ಸೇರಿಸುವುದಿಲ್ಲ. ನಿನಗೆ ಹುಷಾರಿಲ್ವಾ ಎಂದು ಅಣ್ಣ ಕೇಳಿದ.

ಮಾರ್ಚ್ 5, ಮಂಗಳವಾರ

ಮೊನ್ನೆ ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ತೆಗೆದ ಮೇಲೆ ಇವತ್ತು ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಖಳನಾಯಕನ ಹಾಗೆ ಮನೆಯೊಳಗೆ ಬಂದ. ಸಾಧಾರಣ ಕೇಬಲ್ಲಿನ ಅಧಿಕೃತ ಉದ್ಘಾಟನೆಗೆ ಎಲ್ಲ ಸಿದ್ಧತೆ ಆಗಿತ್ತು. ಟಿವಿ ಹಾಕಿದೆ. ಅಪ್ಪ ಕನ್ನಡಕ ತೆಗೆದ.

ಟಿವಿಯನ್ನು ಅರ್ಧ ನಿಮಿಷವೂ ನೋಡಲಿಲ್ಲ. ಗೋಡೆ ನೋಡಿದ, ಈ ಬಣ್ಣ ಯಾವಾಗ ಕಿತ್ತುಬಂತು ಎಂದ. ನೆಲ ನೋಡಿ, ಅಣ್ಣ ಹೆಮ್ಮೆಯಿಂದ ಕೂರಿಸಿದ್ದ ಟೈಲ್ಸು ಸೊಟ್ಟಗಿದೆ ಎಂದ. ಅಮ್ಮನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಅವಳು, ಹೌದು ನರೆತಿದೆ, ಏನೀಗ, ಎಂದು ಒಳಗೆ ಹೋದಳು. ಕೊನೆಗೆ ನನ್ನ ಕಡೆ ತಿರುಗಿದ.

“ಯಾಕೇ, ಕಣ್ಣ ಕೆಳಗೆ ಹಿಂಗೆ ಕಪ್ಪಾಗಿದೆ? ನಿದ್ದೆ ಮಾಡಲ್ವಾ?”

ಟೈಪಿಂಗ್ ಜಾಸ್ತಿ ಎಂದೆ. ಕನ್ನಡಿ ನೋಡಿಕೊಂಡೆ. ಕಪ್ಪಾಗಿದೆ, ನಿಜ. ಯಾಕೋ ಗೊತ್ತಿಲ್ಲ.

ಏಪ್ರಿಲ್‌ನಲ್ಲಿ ಇನ್ನೊಂದು ಕಣ್ಣು. ಆಮೇಲೆ ಕಂಪನಿಯ ಪರೀಕ್ಷೆ. ಬಸ್ಸು ಸಿಗುತ್ತದೋ ಶೆಡ್ಡೇ ಗತಿಯೋ ಯಾರಿಗೂ ಗೊತ್ತಿಲ್ಲ. ಅಪ್ಪ ಮೂರೂ ಅಂಗಿಗಳನ್ನು ತನ್ನ ಕಣ್ಣಿಗೆ ಬೀಳುವ ಹಾಗೆ ಬಾಗಿಲ ಹಿಂದೆ ತೂಗುಹಾಕಿದ್ದಾನೆ. ಇಲ್ಲಿಗೆ ಸಮಿತಿಯನ್ನು ವಿಸರ್ಜಿಸಲಾಗಿದೆ.

ವಿಸರ್ಜನೆಗೆ ಮುಂಚೆ ಒಂದು ಸಣ್ಣ ತಿದ್ದುಪಡಿ. ಜನವರಿಯ ಒಂದು ಸಂಜೆ ಅಪ್ಪ ಕಂಪನಿಯ ಸುತ್ತೋಲೆಯೊಂದನ್ನು ನನ್ನ ಮುಂದಿಟ್ಟು ಓದು ಎಂದಿದ್ದ. ದೊಡ್ಡ ಅಕ್ಷರಗಳು, ಇಬ್ಬರ ಮಧ್ಯೆ ಮೇಜಿನ ಮೇಲೇ ಇತ್ತು. ‘ಇನ್ನು ಮುಂದೆ ಚಾಲಕರೆಲ್ಲರೂ ಕಡ್ಡಾಯವಾಗಿ ಹಾಡುತ್ತಾ ಬಸ್ಸು ಓಡಿಸತಕ್ಕದ್ದು’ ಎಂದು ಗಂಭೀರವಾಗಿ ಓದಿದೆ. ಅಪ್ಪ ಕಾಗದದ ಮೇಲೆ ಬಾಗಿ ನೋಡಿ, ಹೌದಾ, ಎಂದ. ನಗಲಿಲ್ಲ. ಅವನಿಗೆ ಅಕ್ಷರ ಕಾಣುತ್ತಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಅವನು ದಿನಾ ಬೆಳಿಗ್ಗೆ ಆ ಬಸ್ಸು ಓಡಿಸುತ್ತಲೇ ಇದ್ದ.

ಕೇಬಲ್ಲಿನ ಠರಾವೂ ಅಪ್ಪನದಲ್ಲ. ಮಹಾಸಭೆಯಲ್ಲಿ ಅವನು ಅಂದಿದ್ದು ಮಂಜು ಎಂದಷ್ಟೇ. ವೈರ್ ಇರಬೇಕು ಬಿಡಪ್ಪ, ಬದಲಾಯಿಸೋಣ, ಎಂದವಳು ನಾನು.